ಬಸ್ಸಿಗೊಂದು, ಮನೆಗೊಂದು, ಮಗ್ಗಕ್ಕೆ?

ಪ್ರಶ್ನೆ: ಗಜೇಂದ್ರಗಡದಿಂದ ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ದಾರಿಯುದ್ದಕ್ಕೂ ಭೀಮಸೇನ ಜೋಶಿಯವರ ದಾಸರ ಪದ ಕೇಳುವ ರೂಢಿ. ಪವರ್‌ಲೂಮ್ ನಡೆಸುವ ಅಪ್ಪನಿಗೂ ಕೆಲಸದ ನಡುವೆ ಹಾಡು ಬೇಕಂತೆ. ನರಗುಂದದ ಅಂಗಡಿಯಲ್ಲಿ 250 ರೂಪಾಯಿಗೆ ಇಯರ್‌ಫೋನ್, 800ಕ್ಕೆ ಹೆಡ್‌ಫೋನ್ ನೋಡಿದೆ. ದೊಡ್ಡದಾದರೆ ದನಿ ಚೆನ್ನಾಗಿರುತ್ತದೆಯೇ?
– ಓದುಗರೊಬ್ಬರು, ಗಜೇಂದ್ರಗಡ

ಉತ್ತರ: ಈ ಬೆಲೆಯಲ್ಲಿ ಗಾತ್ರ ನೋಡಿ ಮೋಸ ಹೋಗಬೇಡಿ. ಬಸ್ಸಿಗೆ ಕಿವಿಯೊಳಗೆ ಕೂರುವ, ವೈರಿರುವ ಇಯರ್‌ಫೋನೇ ಸರಿ. ಮನೆಯಲ್ಲಿ ಕೂತು ಕೇಳುವುದಕ್ಕೆ ಹೆಡ್‌ಫೋನ್ ಹಿತ. ಅಪ್ಪನ ವಿಷಯ ಕೊನೆಗೆ.

ಹೆಡ್‌ಫೋನಿನೊಳಗಿನ ಸ್ಪೀಕರ್ ಸಾಮಾನ್ಯವಾಗಿ 40 ಮಿಲಿಮೀಟರ್ ಅಗಲ, ಇಯರ್‌ಫೋನಿನದು 10ರ ಆಸುಪಾಸು. ದೊಡ್ಡದು ಹೆಚ್ಚು ಗಾಳಿ ತಳ್ಳುತ್ತದೆ, ನಿಜ. ಆದರೆ ಆ ಗಾಳಿ ಸೋರಿಹೋದರೆ ಬೇಸ್ ಕಿವಿಗೆ ಮುಟ್ಟುವುದಿಲ್ಲ. ಅಗ್ಗದ ಹೆಡ್‌ಫೋನಿನ ತೆಳು ಮೆತ್ತೆ ಕಿವಿಯ ಸುತ್ತ ಸಂದು ಬಿಡುತ್ತದೆ. ಕನ್ನಡಕ ಹಾಕಿದ್ದರೆ ಸಂದು ಇನ್ನೂ ದೊಡ್ಡದು. ಅದರಿಂದ ಬೇಸ್ ಹೊರಗೆ, ಬಸ್ಸಿನ ಎಂಜಿನ್ ಸದ್ದು ಒಳಗೆ. ಇಯರ್‌ಫೋನಿನ ರಬ್ಬರ್ ತುದಿ ಕಿವಿಯ ದಾರಿಯನ್ನೇ ಮುಚ್ಚುವುದರಿಂದ ಅದಕ್ಕೆ ಸ್ವಲ್ಪ ಗಾಳಿ ಸಾಕು. ಡಬ್ಬಿಯಲ್ಲಿ ಬೇರೆ ಬೇರೆ ಅಳತೆಯ ತುದಿಗಳಿದ್ದರೂ ಬಹಳ ಮಂದಿ ಮೊದಲೇ ಹಾಕಿಬಂದದ್ದನ್ನೇ ಇಟ್ಟುಕೊಂಡು ‘ಬೇಸೇ ಇಲ್ಲ’ ಅನ್ನುತ್ತಾರೆ. ಎಲ್ಲವನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಹೊಂದಿದರೂ ಅಚ್ಚರಿಯಿಲ್ಲ.

ಡಬ್ಬಿಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದಿರುತ್ತದೆ. ಅದು ಮನುಷ್ಯನ ಕಿವಿ ಕೇಳಬಲ್ಲ ವ್ಯಾಪ್ತಿ, ಅಷ್ಟೆ. ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆಂದು ಅದು ಹೇಳುವುದಿಲ್ಲ. ಅಗ್ಗದ ಎಷ್ಟೋ ಮಾಲುಗಳಲ್ಲಿ ಬೇಸನ್ನು ಬೇಕೆಂದೇ ಉಬ್ಬಿಸಿರುತ್ತಾರೆ. ಡಿಜೆ ಹಾಡಿಗೆ ಅದು ಮಜಾ. ದಾಸರ ಪದದಲ್ಲಿ ತಬಲಾದ ಡಗ್ಗಾ ಗುಮ್ಮೆಂದು ಗಾಯಕರ ದನಿಯನ್ನೇ ಮುಚ್ಚುತ್ತದೆ. ಗಾಯನಕ್ಕೆ ಮುಖ್ಯವಾದದ್ದು ಬೇಸಿಗೂ ತೀರಾ ಮೇಲಿನ ಸ್ವರಗಳಿಗೂ ನಡುವಿನ ಭಾಗ. 1922ರಲ್ಲಿ ನಿಮ್ಮ ರೋಣದಲ್ಲೇ ಹುಟ್ಟಿದ ಭೀಮಸೇನರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡ್ ಕೇಳಿ ಮರುಳಾದವರು. 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟರು. ಅಂದಿನ ಗ್ರಾಮಫೋನ್ ತಟ್ಟೆಯಲ್ಲಿ ಆಳದ ಬೇಸೂ ಇರಲಿಲ್ಲ, ತೀರಾ ಮೇಲಿನ ಸ್ವರಗಳೂ ಇರಲಿಲ್ಲ. ನಡುವಿನ ದನಿ ಇತ್ತು, ಅಷ್ಟೇ ಸಾಕಾಯಿತು.

ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮ ಫೋನನ್ನೇ ಒಯ್ದು, ಚೆನ್ನಾಗಿ ಗೊತ್ತಿರುವ ಹಾಡು ಹಾಕಿ. ಹಿಂದೆ ತಂಬೂರಿ ಮೀಟುವುದು ಬಿಡಿಬಿಡಿಯಾಗಿ ಕೇಳಬೇಕು. ತಾನಿನ ಸ್ವರಗಳು ಒಂದಕ್ಕೊಂದು ಅಂಟಬಾರದು. ಹಾರ್ಮೋನಿಯಂ ಕಿವಿಗೆ ಚುಚ್ಚಬಾರದು. ಆಮೇಲೆ ಪಿನ್ನಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅಲುಗಿಸಿ. ಗರಗರ ಎಂದರೆ ಅಲ್ಲೇ ವಾಪಸ್ ಕೊಡಿ, ಏಕೆಂದರೆ ವೈರು ಮೊದಲು ಕಡಿಯುವ ಜಾಗ ಅದು. ಫೋನಿನಲ್ಲಿ ದುಂಡು ಪಿನ್ನಿನ ತೂತಿದೆಯೋ, ಟೈಪ್–ಸಿ ಮಾತ್ರವೋ ನೋಡಿಕೊಳ್ಳಿ.

ಇನ್ನು ಹಿತದ ಮಾತು. ಇಯರ್‌ಫೋನ್ ಬಹಳ ಹೊತ್ತು ಇಟ್ಟರೆ ಕಿವಿ ತುರಿಸುತ್ತದೆ, ವೈರು ಅಂಗಿಗೆ ತಾಗಿ ಪರಪರ ಎನ್ನುತ್ತದೆ. ವೈರನ್ನು ಕಿವಿಯ ಮೇಲಿಂದ ಸುತ್ತಿ ಇಳಿಬಿಟ್ಟರೆ ಆ ಸದ್ದು ತಗ್ಗುತ್ತದೆ. ಹೆಡ್‌ಫೋನುಗಳಲ್ಲಿ ಕಿವಿಯ ಮೇಲೆ ಕೂತು ಒತ್ತುವುದು ಬೇಡ, ಕಿವಿಯನ್ನು ಪೂರ್ತಿ ಒಳಗೆ ಹಾಕಿಕೊಳ್ಳುವುದು ಮೇಲು. ಆದರೂ ನಮ್ಮ ಎರೆಸೀಮೆಯ ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಮೆತ್ತೆಯೊಳಗೆ ಬೆವರು ಇಳಿಯುವುದು ತಪ್ಪದು, ಕೆಲಕಾಲಕ್ಕೆ ಮೆತ್ತೆಯ ಸಿಪ್ಪೆಯೂ ಏಳುತ್ತದೆ.

ಈಗ ಅಪ್ಪನ ಮಾತು. ಪವರ್‌ಲೂಮಿನ ಸದ್ದಿನಲ್ಲಿ ಹಾಡು ಕೇಳಬೇಕಾದರೆ ಆ ಸದ್ದಿಗಿಂತ ಜೋರು ಮಾಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು; 90 ಆದರೆ ಬರೀ 4 ಗಂಟೆ. ಮಗ್ಗದ ಸದ್ದಿನ ಮೇಲೆ ಹಾಡನ್ನೂ ಹೇರಿದರೆ ಕಿವಿ ಮಂದವಾಗುವುದು ಕ್ರಮೇಣ, ಮರಳಿ ಬರುವುದಿಲ್ಲ. ಅವರಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಕೊಡಿಸಿ. ಹಾಡು ಮಗ್ಗ ನಿಂತ ಮೇಲೆ, ಹೆಡ್‌ಫೋನಿನಲ್ಲಿ ಕೇಳಲಿ. ನಿಮಗೆ 250 ರೂಪಾಯಿಯದೇ ಸಾಕು.