ಬ್ರೇಕ್ ದ್ರವ: ಆಯ್ಕೆ ಮತ್ತು ಬದಲಾವಣೆ

ಪುಣೆಯಿಂದ ಮುಂಬಯಿಗೆ ಬರುವ ಕಾರು ಖಂಡಾಲಾ ಘಾಟಿಯನ್ನು ಇಳಿಯುವಾಗ ಚಾಲಕನು ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾಗುತ್ತದೆ. ಘರ್ಷಣೆಯಿಂದ ಹುಟ್ಟುವ ಶಾಖವು ಚಕ್ರದ ಬಳಿಯಿರುವ ಬ್ರೇಕ್ ದ್ರವವನ್ನೂ ಕಾಯಿಸುತ್ತದೆ. ದ್ರವವು ಕುದಿದರೆ ಅದರಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವು ಒತ್ತಡಕ್ಕೆ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲ್ ಪೂರ್ತಿ ಕೆಳಗಿಳಿದರೂ ವಾಹನ ನಿಲ್ಲದೆ ಹೋಗಬಹುದು.

ಗ್ಯಾರೇಜುಗಳಲ್ಲಿ ಇದನ್ನು ಬ್ರೇಕ್ ಆಯಿಲ್ ಎನ್ನುವುದು ರೂಢಿ. ಆದರೆ ಸಾಮಾನ್ಯ ಕಾರುಗಳಲ್ಲಿರುವುದು ಎಣ್ಣೆಯಲ್ಲ, ಗ್ಲೈಕಾಲ್ ವರ್ಗದ ರಾಸಾಯನಿಕ. ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವುದು ಇದರ ಸ್ವಭಾವ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಈ ಕುಸಿತ ಕಣ್ಣಿಗೆ ಕಾಣುವುದಿಲ್ಲ. ನಗರದ ನಿಧಾನ ಸಂಚಾರದಲ್ಲಿ ಅನುಭವಕ್ಕೂ ಬಾರದಿರಬಹುದು.

ಯಾವ ದರ್ಜೆ ಬೇಕೆಂಬುದು ದ್ರವದ ಡಬ್ಬಿಯ ಮುಚ್ಚಳದ ಮೇಲೆ ಅಥವಾ ವಾಹನದ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಡಾಟ್ 4 ಬೇಕಾದಲ್ಲಿ ಡಾಟ್ 3 ತುಂಬಬಾರದು. ಡಾಟ್ 5.1 ಗ್ಲೈಕಾಲ್ ವರ್ಗದ್ದೇ. ಆದರೆ ಡಾಟ್ 5 ಸಿಲಿಕೋನ್‌ನಿಂದ ಆದುದು, ಉಳಿದವುಗಳೊಡನೆ ಬೆರೆಸತಕ್ಕದ್ದಲ್ಲ. ಹೆಸರಿನ ಈ ಹೋಲಿಕೆ ದುರದೃಷ್ಟಕರವೇ ಸರಿ. ಎಂಜಿನ್ ಆಯಿಲ್ ತಪ್ಪಿ ಬಿದ್ದರೆ ರಬ್ಬರ್ ಭಾಗಗಳು ಉಬ್ಬಿ ಕೆಡುತ್ತವೆ.

ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಸೂಚಿಸುತ್ತಾರೆ. ಕಾರು ಕಡಿಮೆ ಓಡಿದ್ದರೂ ಈ ಅವಧಿ ಅನ್ವಯಿಸುತ್ತದೆ. ದ್ರವದ ಮಟ್ಟ ಇಳಿದಾಗ ಮೇಲಿಂದ ತುಂಬಿಸಿ ಸುಮ್ಮನಾಗುವುದು ಸರಿಯಲ್ಲ: ಬ್ರೇಕ್ ಪ್ಯಾಡುಗಳು ಸವೆದಿರಬಹುದು, ಎಲ್ಲಿಯಾದರೂ ಸೋರಿಕೆಯೂ ಇರಬಹುದು.

ಬದಲಾವಣೆಗೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲನ್ನು ಸಡಿಲಿಸಿ, ಹಳೆಯ ದ್ರವ ಹೊರಬಂದೊಡನೆ ಬಿಗಿ ಮಾಡಬೇಕು. ಅನಂತರವೇ ಪೆಡಲ್ ಬಿಡಬೇಕು. ಕ್ರಮ ತಪ್ಪಿದರೆ ಗಾಳಿ ಒಳಸೇರುತ್ತದೆ. ಮೇಲಿನ ಡಬ್ಬಿ ಬರಿದಾಗದಂತೆ ಹೊಸ ದ್ರವ ತುಂಬುತ್ತಿರಬೇಕು. ಎ.ಬಿ.ಎಸ್. ಇರುವ ಕೆಲವು ವಾಹನಗಳಿಗೆ ವಿಶೇಷ ಉಪಕರಣ ಬೇಕಾಗುವುದರಿಂದ ನುರಿತವರಿಗೇ ಒಪ್ಪಿಸುವುದು ಲೇಸು. ತೆರೆದ ಡಬ್ಬಿಯಲ್ಲಿ ಉಳಿದುದನ್ನು ಮುಂದಿನ ಸಲಕ್ಕೆ ಕೂಡಿಡುವ ಮಿತವ್ಯಯ ಇಲ್ಲಿ ಸಲ್ಲದು. ಈ ದ್ರವ ವಿಷಕಾರಿ. ಮಕ್ಕಳ ಕೈಗೆ ಸಿಗಬಾರದು, ಚರಂಡಿಗೂ ಸುರಿಯಬಾರದು. ಕಾರಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಬೇಕು. ಕೆಲಸ ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿದೆಯೇ ಎಂದು ನಿಂತಲ್ಲೇ ಪರೀಕ್ಷಿಸಿ, ಅನಂತರ ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು.