ಓಡುತ್ತ ಕೇಳಿದ ಪುಸ್ತಕ ಮನೆ ಸೇರುವಷ್ಟರಲ್ಲಿ ಮಾಯ!

ಪ್ರಶ್ನೆ: ನನಗೆ 36 ವರ್ಷ, ಸಾಫ್ಟ್‌ವೇರ್ ಕೆಲಸ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 40 ನಿಮಿಷ ಓಡುತ್ತೇನೆ. ಹೊತ್ತು ದಂಡವಾಗಬಾರದೆಂದು ವ್ಯಕ್ತಿತ್ವ ವಿಕಸನದ ಆಡಿಯೋಬುಕ್‌ಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಳ್ಳುತ್ತೇನೆ. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಇದು ಮರೆವಿನ ಕಾಯಿಲೆಯ ಶುರುವೇ?
— ಹೆಸರು ಬೇಡ, ಮೈಸೂರು

ಉತ್ತರ: ಗಾಬರಿ ಬೇಡ. ಕೇಳಿದ್ದರಲ್ಲಿ ಬಹುಪಾಲು ನಿಮ್ಮ ತಲೆಯೊಳಗೆ ಹೋಗಿಯೇ ಇರುವುದಿಲ್ಲ, ಇನ್ನು ಮರೆಯುವುದೆಲ್ಲಿ? ಏದುಸಿರು ಬರುವಂತೆ ಓಡುವಾಗ ಗಮನವೆಲ್ಲ ಉಸಿರು, ಹೆಜ್ಜೆ, ದಾರಿಯ ಕಲ್ಲು-ಬೇರುಗಳ ಕಡೆ. ಅದರ ಮೇಲೆ ಒಂದೂವರೆ ಪಟ್ಟು ವೇಗ ಬೇರೆ.

ಒಂದು ಪರೀಕ್ಷೆ ಮಾಡಿ. ಓಡುತ್ತಲೇ ನಿಮ್ಮ ಮನೆ ವಿಳಾಸವನ್ನು ಡೋರ್ ನಂಬರಿನಿಂದ ಪಿನ್‌ಕೋಡ್‌ವರೆಗೆ ಜೋರಾಗಿ ಹೇಳಿ. ಸಲೀಸಾಗಿ ಹೇಳಲಾದರೆ ಅದು ಹಗುರ ಓಟ, ಪುಸ್ತಕ ಕೇಳಬಹುದು. ಬೀದಿ ಹೆಸರಿಗೇ ಉಸಿರು ಕಟ್ಟಿದರೆ ಪುಸ್ತಕ ನಿಲ್ಲಿಸಿ, ಬರೀ ಓಡಿ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರು ಹೊಡೆದು, ಅದರಲ್ಲಿ ಹೆಚ್ಚಿನದು ಮೊದಲ ದಿನವೇ ಜಾರಿಹೋಗುತ್ತದೆ ಎಂದು 1885ರಲ್ಲೇ ತೋರಿಸಿದ್ದ. ಉಳಿಸಿಕೊಳ್ಳಲು ಮೆಲುಕು ಹಾಕಲೇಬೇಕು. ಓಟ ಮುಗಿಸಿ ಕೊನೆಯ ಐದು ನಿಮಿಷ ನಡೆಯುವಾಗ ಆಡಿಯೋ ನಿಲ್ಲಿಸಿ, ಕೇಳಿದ್ದರಲ್ಲಿ ಎರಡು ಮಾತು ನೆನಪಿಸಿಕೊಳ್ಳಿ. ಕಾಫಿ ಹೊತ್ತಿಗೆ ಅವನ್ನೇ ಮನೆಯವರಿಗೆ ಹೇಳಿ.

ಗ್ಯಾಸ್ ಆರಿಸಿದೆನೋ ಇಲ್ಲವೋ, ಮೀಟಿಂಗ್ ಎಷ್ಟು ಗಂಟೆಗೆ ಎಂಬಂಥವೂ ಮರೆಯುತ್ತಿದ್ದರೆ ಮೊದಲು ನಿದ್ದೆಯ ಲೆಕ್ಕ ನೋಡಿಕೊಳ್ಳಿ. ಬಿ12, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಅಪರೂಪವೇನಲ್ಲ.

ಪ್ರಶ್ನೆ: ರಿಂಗ್ ರೋಡ್ ಪಕ್ಕದಲ್ಲಿ ಓಡುತ್ತೇನೆ. ಬಸ್ಸು, ಲಾರಿ ಸದ್ದಿಗೆ ಪುಸ್ತಕ ಕೇಳಿಸದೆ ವಾಲ್ಯೂಮ್ ಪೂರ್ತಿ ಏರಿಸುತ್ತೇನೆ. ಬಂದ ಮೇಲೆ ಅರ್ಧ ಗಂಟೆ ಕಿವಿ ಗುಂಯ್‌ಗುಡುತ್ತದೆ. ತೊಂದರೆಯೇ?
— 28 ವರ್ಷದ ಯುವಕ, ಬೆಂಗಳೂರು

ಉತ್ತರ: ತೊಂದರೆಯೇ. ಆ ಗುಂಯ್ ನಿಮ್ಮ ಒಳಗಿವಿ ಕೊಡುತ್ತಿರುವ ದೂರು. ಅಲ್ಲಿನ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ವಾಲ್ಯೂಮ್ ಶೇ 60 ದಾಟದಿರಲಿ. ಅಷ್ಟರಲ್ಲಿ ಕೇಳಿಸದಿದ್ದರೆ ಆ ರಸ್ತೆ ಪುಸ್ತಕ ಕೇಳುವ ಜಾಗವಲ್ಲ.

ಹೊರಗಿನ ಸದ್ದು ತಡೆಯುವ ಇಯರ್‌ಬಡ್ ಹಾಕಿದರೆ ವಾಲ್ಯೂಮ್ ಇಳಿಸಬಹುದು ನಿಜ. ಹಿಂದಿನಿಂದ ಬರುವ ಬೈಕಿನ ಹಾರನ್ನೂ ಕೇಳಿಸದು. ಅದನ್ನು ಟ್ರೆಡ್‌ಮಿಲ್ಲಿಗೆ ಇಟ್ಟುಕೊಳ್ಳಿ. ರಸ್ತೆಗೆ ಕಿವಿ ಮುಚ್ಚದ ಬೋನ್ ಕಂಡಕ್ಷನ್ ಹೆಡ್‌ಫೋನ್ ವಾಸಿ. ಆದರೆ ಅದರ ಕಂಪನ ಸೇರುವುದೂ ಅದೇ ಒಳಗಿವಿಗೆ, ಹಾಗಾಗಿ ಅಲ್ಲೂ ಸದ್ದು ಮಿತಿಯಲ್ಲಿರಲಿ. ಗುಂಯ್ ಸದ್ದು ಮಾರನೇ ದಿನವೂ ಉಳಿದರೆ ಇಎನ್‌ಟಿ ವೈದ್ಯರನ್ನು ಕಾಣಿ. ಒಂದು ಕಿವಿ ಏಕಾಏಕಿ ಮಂದವಾದರೆ ಅದೇ ದಿನ ಹೋಗಿ. ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಪ್ರಶ್ನೆ: ಎರಡು ತಿಂಗಳಿಂದ ಓಡುತ್ತಿದ್ದೇನೆ. ಬಲಮಂಡಿ ನೋಯುತ್ತದೆ. ನಾನು ಕೇಳುವ ಪುಸ್ತಕದಲ್ಲಿ ನೋವಿಗೆ ಸೋಲಬಾರದು ಎನ್ನುತ್ತಾರೆ. ಓಟ ಮುಂದುವರಿಸಲೇ?
— 47 ವರ್ಷದ ಗೃಹಿಣಿ, ದಾವಣಗೆರೆ

ಉತ್ತರ: ಬೇಡ. ಅದನ್ನು ಓದಿದವರು ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂತು ಓದಿರುತ್ತಾರೆ; ನಿಮ್ಮ ಮಂಡಿ ಅವರಿಗೆ ಕಾಣದು. ಎರಡೂ ತೊಡೆ, ಮೀನಖಂಡ ಒಂದೇ ಥರ ಹಿಡಿದುಕೊಂಡು ಎರಡು-ಮೂರು ದಿನದಲ್ಲಿ ಬಿಟ್ಟರೆ ಅದು ಹೊಸ ಅಭ್ಯಾಸದ ನೋವು. ಒಂದೇ ಕಡೆ ಚುಚ್ಚುತ್ತ, ಓಡಿದಷ್ಟೂ ಹೆಚ್ಚುತ್ತಿದ್ದರೆ, ಊದಿಕೊಂಡರೆ, ಕುಂಟುವಂತಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಓಡುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಡಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ಕೂತು 108ಕ್ಕೆ ಕರೆ ಮಾಡಿ.

ಮಂಡಿ ವಾಸಿಯಾಗಿ ಮತ್ತೆ ಶುರು ಮಾಡಿದಾಗ ಮೊದಲ ವಾರ ಕಿವಿಗೆ ಏನೂ ಹಾಕಬೇಡಿ. ಎಡ-ಬಲ ಹೆಜ್ಜೆ ಸಪ್ಪಳ ಸಮವಾಗಿದೆಯೇ, ಒಂದು ಕಾಲು ಧಪ್ಪೆಂದು ಬೀಳುತ್ತಿದೆಯೇ ಎಂದು ಕೇಳಿಸಿಕೊಳ್ಳಿ.