ಪುಣೆಯಲ್ಲಿ ಬಾಡಿಗೆ ಮನೆ: ಹೊಸ ರಾಜ್ಯಕ್ಕೆ ಹೊರಟವರಿಗೆ 11 ಸೂತ್ರಗಳು

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಾಲ್ಕಾರು ಬಾಡಿಗೆ ಮನೆ ಬದಲಿಸಿದವರಿಗೆ ಮನೆ ಹುಡುಕುವುದು ಹೊಸತೇನಲ್ಲ. ಆದರೆ ಪುಣೆಗೆ ವರ್ಗವಾಯಿತು, ಅಲ್ಲಿ ಕೆಲಸ ಸಿಕ್ಕಿತು ಎಂದಾಗ ಆ ಅನುಭವ ಅರ್ಧಕ್ಕೇ ನಿಲ್ಲುತ್ತದೆ. ರಾಜ್ಯದ ಗಡಿ ದಾಟಿದರೆ ಬಾಡಿಗೆಯ ಕಾನೂನು ಬೇರೆ, ಅಡ್ವಾನ್ಸಿನ ರೂಢಿ ಬೇರೆ, ಕರಾರುಪತ್ರದ ಹೆಸರೂ ಬೇರೆ. ಹಳೆಯ ಊರಿನ ಲೆಕ್ಕವನ್ನೇ ಹಿಡಿದು ಹೋದವರು ಹಣ ಕಳೆದುಕೊಳ್ಳುತ್ತಾರೆ, ಹೊಸ ಊರಿನ ಲೆಕ್ಕ ಕೇಳಿ ತಿಳಿದವರು ಬೇಗ ನೆಲೆಯೂರುತ್ತಾರೆ. ಅಲ್ಲಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಆ 11 ತಿಂಗಳು ಚೆನ್ನಾಗಿ ಕಳೆಯಲು ಈ 11 ಸೂತ್ರಗಳು.

1. ಮೊದಲು ಕೆಲಸದ ಜಾಗ, ಆಮೇಲೆ ಬಡಾವಣೆ

ನಾವು ಪುಣೆ ಎಂದು ಕರೆಯುವುದು ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಎಂಬ ಎರಡು ಮಹಾನಗರಪಾಲಿಕೆಗಳನ್ನು, ಅವುಗಳ ಸುತ್ತಲಿನ ಹಳ್ಳಿಗಳನ್ನು ಸೇರಿಸಿ. ಐಟಿ ಕಂಪನಿಗಳ ಹಿಂಜವಡಿ ಪಶ್ಚಿಮದ ತುದಿಯಲ್ಲಿದೆ, ಖರಾಡಿ ಪೂರ್ವದ ತುದಿಯಲ್ಲಿ. ನಡುವೆ ಇಡೀ ನಗರ. ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಆಫೀಸು ಎಂದಾದರೆ ದಿನದ ಮೂರು ಗಂಟೆ ರಸ್ತೆಗೇ ಹೋಗುತ್ತದೆ.

ಹಿಂಜವಡಿಯಲ್ಲಿ ಕೆಲಸವಿದ್ದರೆ ವಾಕಡ, ಬಾಣೇರ, ಬಾಲೇವಾಡಿ, ಪಿಂಪಳೆ ಸೌದಾಗರ ನೋಡಿ. ಖರಾಡಿಯಾದರೆ ವಿಮಾನನಗರ, ವಡಗಾಂವ ಶೇರಿ. ಮಗರಪಟ್ಟಾ ಆದರೆ ಹಡಪಸರ. ಚಾಕಣದ ಕಾರ್ಖಾನೆಗಳಾದರೆ ಮೋಶಿ, ಭೋಸರಿ. ಊರಿಗೆ ಪದೇ ಪದೇ ಹೋಗಿಬರುವವರಾದರೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿರವಿರುವ ವಾರಜೆ, ಬಾಣೇರ, ವಾಕಡ ಅನುಕೂಲ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸುಗಳು ಅದೇ ದಾರಿಯಲ್ಲಿ ಓಡಾಡುತ್ತವೆ.

ಮನೆ ಇಷ್ಟವಾದ ಮೇಲೆ ಒಂದು ಕೆಲಸದ ದಿನ, ಬೆಳಿಗ್ಗೆ 9ಕ್ಕೆ, ಅಲ್ಲಿಂದ ಆಫೀಸಿಗೆ ನೀವೇ ಹೋಗಿ ನೋಡಿ. ಭಾನುವಾರದ ಖಾಲಿ ರಸ್ತೆ ನೋಡಿ ತೀರ್ಮಾನ ಮಾಡಬೇಡಿ. ಮೆಟ್ರೊ ವಿಷಯದಲ್ಲೂ ಅಷ್ಟೇ: ಇವತ್ತು ರೈಲು ಓಡುತ್ತಿರುವ ನಿಲ್ದಾಣವನ್ನು ಲೆಕ್ಕಕ್ಕೆ ಹಿಡಿಯಿರಿ, ಮುಂದೆ ಬರುತ್ತದೆ ಎಂಬ ಮಾತಿಗೆ ಹೆಚ್ಚು ಬಾಡಿಗೆ ಕೊಡಬೇಡಿ.

2. ಕಣ್ಣಾರೆ ಕಾಣದ ಮನೆಗೆ ಒಂದು ರೂಪಾಯಿಯೂ ಬೇಡ

ದೂರದಲ್ಲಿ ಕುಳಿತು ಮನೆ ಹುಡುಕುವವರೇ ಮೋಸಗಾರರಿಗೆ ಸುಲಭದ ಬೇಟೆ. ಚೆಂದದ ಫೋಟೊ, ಬಡಾವಣೆಯ ದರಕ್ಕಿಂತ ಕಡಿಮೆ ಬಾಡಿಗೆ, ‘ನಾನು ಸೈನ್ಯದಲ್ಲಿದ್ದೇನೆ, ಬೇರೆ ಕಡೆ ವರ್ಗವಾಗಿದೆ, ಗೇಟ್ ಪಾಸಿಗೆ ಸ್ವಲ್ಪ ಹಣ ಕಳಿಸಿ’ ಎಂಬ ಮಾತು. ಇದು ದೇಶದ ಎಲ್ಲ ದೊಡ್ಡ ನಗರಗಳಲ್ಲೂ ನಡೆದಿರುವ ವಂಚನೆ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಿ. ಹಣ ಬರಬೇಕಾದವರು ಸ್ಕ್ಯಾನ್ ಮಾಡಬೇಕಿಲ್ಲ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ.

ಮೊದಲ ಎರಡು ವಾರ ಪಿಜಿಯಲ್ಲೋ ಸರ್ವಿಸ್ ಅಪಾರ್ಟ್‌ಮೆಂಟಿನಲ್ಲೋ ಸಂಬಂಧಿಕರ ಮನೆಯಲ್ಲೋ ಉಳಿದು ಹುಡುಕಿ. ಆ ಖರ್ಚು ದಂಡವಲ್ಲ, ಅವಸರದಲ್ಲಿ ತಪ್ಪು ಮನೆ ಹಿಡಿಯುವುದರಿಂದ ಅದು ನಿಮ್ಮನ್ನು ಕಾಪಾಡುತ್ತದೆ.

3. ಅಡ್ವಾನ್ಸಿನ ಲೆಕ್ಕ ಹೊಸದಾಗಿ ಹಾಕಿ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಪುಣೆಯ ಡಿಪಾಸಿಟ್ ಹಗುರ ಎನ್ನಿಸುತ್ತದೆ. ಅಲ್ಲಿ ಎರಡು ಮೂರು ತಿಂಗಳ ಬಾಡಿಗೆಯಷ್ಟೇ ಸಾಮಾನ್ಯ. ಇದು ತಿಳಿಯದೆ ‘ನಮ್ಮೂರಿಗಿಂತ ಕಡಿಮೆಯೇ ಅಲ್ಲವೇ’ ಎಂದು ಐದಾರು ತಿಂಗಳದ್ದಕ್ಕೆ ಒಪ್ಪಬೇಡಿ.

ಬೇರೆ ಖರ್ಚುಗಳನ್ನೂ ಬರೆದಿಟ್ಟುಕೊಳ್ಳಿ. ಏಜೆಂಟರಿಗೆ ಒಂದು ತಿಂಗಳ ಬಾಡಿಗೆಯಷ್ಟು ಕೊಡುವುದು ರೂಢಿ. ಮೊದಲೇ ಮಾತಾಡಿ, ಕರಾರು ನೋಂದಣಿಯಾದ ಮೇಲೆ ಕೊಡಿ. ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೇ, ಬೇರೆಯೇ ಎಂದು ಕೇಳಿ. ಡಿಪಾಸಿಟ್ಟನ್ನು ಬ್ಯಾಂಕಿನ ಮೂಲಕವೇ ಮಾಲೀಕರ ಖಾತೆಗೆ ಹಾಕಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಬಾಡಿಗೆ ಕಟ್ಟಿ ಎಚ್‌ಆರ್‌ಎ ವಿನಾಯಿತಿ ಪಡೆಯುವವರು ಮಾಲೀಕರ ಪ್ಯಾನ್ ನಂಬರನ್ನು ಮೊದಲ ಮಾತುಕತೆಯಲ್ಲೇ ಕೇಳುವುದು ಒಳ್ಳೆಯದು. ಮಾರ್ಚ್ ತಿಂಗಳಲ್ಲಿ ಕೇಳಿದರೆ ಮುಖ ಕೆಡುತ್ತದೆ.

4. ಕರಾರು ನೋಂದಣಿಯಾಗದೆ ಸಾಮಾನು ಇಳಿಸಬೇಡಿ

ಪುಣೆಗೆ ಹೋಗುವ ಕನ್ನಡಿಗರು ಬೇರೇನು ಮರೆತರೂ ಇದನ್ನು ಮರೆಯಬಾರದು. ನಮ್ಮಲ್ಲಿ 11 ತಿಂಗಳ ಕರಾರನ್ನು ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಸಹಿ ಹಾಕಿದರೆ ಮುಗಿಯಿತು ಎಂಬ ರೂಢಿ ಬೆಳೆದಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು ಎಂಬ 1908ರ ನೋಂದಣಿ ಕಾಯ್ದೆಯ ಕಾರಣದಿಂದಲೇ ಆ 11 ತಿಂಗಳು ಹುಟ್ಟಿದ್ದು. ಮಹಾರಾಷ್ಟ್ರದಲ್ಲಿ ಹಾಗಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು 11 ತಿಂಗಳದ್ದಾದರೂ ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅಲ್ಲಿ ಇದಕ್ಕೆ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಎನ್ನುತ್ತಾರೆ. ಮುದ್ರಾಂಕ ಶುಲ್ಕ ಹೆಚ್ಚೇನಿಲ್ಲ: ಕರಾರಿನ ಅವಧಿಯ ಒಟ್ಟು ಬಾಡಿಗೆ ಮತ್ತು ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ 10ರಂತೆ ಲೆಕ್ಕ ಹಾಕಿದ ಬಡ್ಡಿ, ಇವೆರಡೂ ಸೇರಿದ ಮೊತ್ತದ ಶೇ 0.25. ತಿಂಗಳಿಗೆ 25,000 ಬಾಡಿಗೆ, 75,000 ಡಿಪಾಸಿಟ್ ಎಂದರೆ 11 ತಿಂಗಳಿಗೆ ಮುದ್ರಾಂಕ ಶುಲ್ಕ ಸಾವಿರದೊಳಗೇ ಬರುತ್ತದೆ. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಆಧಾರ್ ಮತ್ತು ಬೆರಳಚ್ಚಿನ ಮೂಲಕ ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಮುಗಿಸಬಹುದು. ಏಜೆಂಟರು ಯಂತ್ರ ತಂದು ಮಾಡಿಕೊಡುತ್ತಾರೆ, ಅವರ ಕೂಲಿ ಬೇರೆ. ಖರ್ಚು ಯಾರದು, ಅರ್ಧರ್ಧವೇ ಎಂದು ಮೊದಲೇ ತೀರ್ಮಾನಿಸಿ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವ ಕೆಲಸವೂ ಆಗಲೇ ಮುಗಿಯಲಿ.

ಹೊಸ ರಾಜ್ಯದಲ್ಲಿ ನಿಮ್ಮ ವಿಳಾಸಕ್ಕೆ ಮೊದಲ ಸಾಕ್ಷಿ ಈ ಕಾಗದವೇ. ಗ್ಯಾಸ್, ಬ್ಯಾಂಕು, ಆಧಾರ್ ತಿದ್ದುಪಡಿ, ಮಕ್ಕಳ ಶಾಲೆ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಕರ್ನಾಟಕದ ನೋಂದಣಿಯ ಗಾಡಿ 12 ತಿಂಗಳಿಗಿಂತ ಹೆಚ್ಚು ಅಲ್ಲಿ ಉಳಿದರೆ ಮರುನೋಂದಣಿ ಮಾಡಿಸಬೇಕು. ಅದಕ್ಕೂ ಇದು ಬೇಕು. ಊರು ಬಿಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯ ಎನ್‌ಒಸಿ ಬಗ್ಗೆ ವಿಚಾರಿಸಿ.

5. ಸಹಿಗೆ ಮುನ್ನ ನಾಲ್ಕು ಸಾಲು ಹುಡುಕಿ ಓದಿ

ಒಂದು, ಲಾಕ್-ಇನ್ ಅವಧಿ ಎಷ್ಟು? ಆ ಅವಧಿಯೊಳಗೆ ಬಿಟ್ಟರೆ ಎಷ್ಟು ಕೊಡಬೇಕು? ಎರಡು, ಖಾಲಿ ಮಾಡಲು ನೋಟಿಸ್ ಎಷ್ಟು ದಿನದ್ದು, ಅದು ಇಬ್ಬರಿಗೂ ಒಂದೇ ಇದೆಯೇ? ಮೂರು, ಪೇಂಟಿಂಗ್ ಹೆಸರಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ? ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಬಿಟ್ಟುಕೊಡುವುದು ರೂಢಿಯಾಗಿದೆಯೆಂದು ಅಲ್ಲೂ ಸುಮ್ಮನೆ ಒಪ್ಪಬೇಕಿಲ್ಲ. ನಾಲ್ಕು, ನವೀಕರಿಸುವಾಗ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ?

ಅವಧಿ ಮುಗಿಯುವ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಲೈಸೆನ್ಸ್ ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಬಾಡಿಗೆಯ ಎರಡರಷ್ಟು ಹಣ ಕೊಡಬೇಕಾಗುತ್ತದೆ ಎಂದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಮನೆಯೊಳಗೆ ಕಾಲಿಟ್ಟ ದಿನವೇ ಗೋಡೆಯ ಬಿರುಕು, ಕೆಟ್ಟ ನಲ್ಲಿ, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಅಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಹಳೆಯ ಬಿಲ್ ಬಾಕಿ ಉಳಿದಿಲ್ಲ ಎಂಬುದನ್ನೂ ನೋಡಿಕೊಳ್ಳಿ.

6. ಬಾಡಿಗೆ ಕೇಳುವ ಮೊದಲು ನೀರು ಕೇಳಿ

ಪುಣೆಗೆ ಖಡಕವಾಸಲಾ, ಪಾನಶೇತ, ವರಸಗಾಂವ, ಟೇಮಘರ ಎಂಬ ನಾಲ್ಕು ಅಣೆಕಟ್ಟುಗಳ ಆಸರೆಯಿದೆ. ಆದರೂ ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಪಾಲಿಕೆಯ ನೀರು ಸಾಲದೆ ಟ್ಯಾಂಕರ್ ಓಡುತ್ತಲೇ ಇರುತ್ತದೆ. ಹಳ್ಳಿಗಳ ಜಾಗದಲ್ಲಿ ರಾತ್ರೋರಾತ್ರಿ ಕಟ್ಟಡಗಳು ಎದ್ದವು, ಕೊಳವೆಗಳು ಅಷ್ಟು ಬೇಗ ಬರಲಿಲ್ಲ. ಟ್ಯಾಂಕರಿನ ಖರ್ಚು ಕೊನೆಗೆ ನಿಮ್ಮ ಮೇಂಟೆನೆನ್ಸ್ ಬಿಲ್ಲಿಗೇ ಬರುತ್ತದೆ.

ಮಾಲೀಕರನ್ನು ‘ನೀರು ಬರುತ್ತದೆಯೇ’ ಎಂದು ಕೇಳಿದರೆ ‘ಬರುತ್ತದೆ’ ಎನ್ನುತ್ತಾರೆ. ಪ್ರಶ್ನೆಯನ್ನು ಬಿಡಿಸಿ ಕೇಳಿ: ಪಾಲಿಕೆಯ ನೀರು ದಿನಕ್ಕೆ ಎಷ್ಟು ಹೊತ್ತು? ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್? ಬೋರ್‌ವೆಲ್ ಇದೆಯೇ? ಕುಡಿಯುವ ನೀರು ಎಲ್ಲಿಂದ? ಉತ್ತರ ಗೇಟಿನ ವಾಚ್‌ಮನ್‌ಗೆ ಗೊತ್ತಿರುತ್ತದೆ, ಪಕ್ಕದ ಕಿರಾಣಿ ಅಂಗಡಿಯವರಿಗೆ ಗೊತ್ತಿರುತ್ತದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಜಿಬಿಎಸ್ ಎಂಬ ನರರೋಗ ಹಬ್ಬಿದಾಗ ಎಲ್ಲರ ಗಮನ ಕುಡಿಯುವ ನೀರಿನತ್ತ ತಿರುಗಿತು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಶುದ್ಧೀಕರಣದ ವ್ಯವಸ್ಥೆಯನ್ನು ವಿಚಾರಿಸದೆ ಒಪ್ಪಲೇಬೇಡಿ.

7. ನದಿಯ ನೋಟ ಕಂಡರೆ ಮಳೆಗಾಲವನ್ನು ನೆನೆಯಿರಿ

1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ಹಳೆಯ ಪುಣೆಯನ್ನೇ ಮುಳುಗಿಸಿತ್ತು. 2024ರ ಜುಲೈನಲ್ಲಿ ಭಾರಿ ಮಳೆ ಬಂದು ಖಡಕವಾಸಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿತು. ನದಿಗಳ ಪಕ್ಕ ಅಧಿಕಾರಿಗಳು ನೀಲಿ ಮತ್ತು ಕೆಂಪು ಪ್ರವಾಹ ರೇಖೆಗಳನ್ನು ಗುರುತಿಸಿದ್ದಾರೆ. ನೀಲಿ ರೇಖೆ 25 ವರ್ಷಗಳಿಗೊಮ್ಮೆ ಬರಬಹುದಾದ ನೆರೆಯದು, ಕೆಂಪು ರೇಖೆ 100 ವರ್ಷಗಳಿಗೊಮ್ಮೆ ಬರಬಹುದಾದದ್ದು.

ಮುಠಾ, ಮುಳಾ, ಪವನಾ ನದಿಗಳ ದಡದಲ್ಲಿ ಮನೆ ನೋಡಿದರೆ ನೆಲಮಹಡಿ ಬೇಡ. ಪಾರ್ಕಿಂಗಿನ ಗೋಡೆಯ ಮೇಲೆ ಹಳೆಯ ನೀರಿನ ಗುರುತಿದೆಯೇ ನೋಡಿ. 2024ರಲ್ಲಿ ಇಲ್ಲಿ ಏನಾಯಿತು ಎಂದು ಅಕ್ಕಪಕ್ಕದವರನ್ನು ಕೇಳಿ.

8. ಸೊಸೈಟಿಯ ನಿಯಮ ಮೊದಲೇ ತಿಳಿಯಿರಿ

ಮಹಾರಾಷ್ಟ್ರದಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳು. ಅವಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ನಿಯಮಾವಳಿ ಎಲ್ಲ ಇರುತ್ತದೆ. ಮಾಲೀಕರು ಒಪ್ಪಿದರೂ ಸಾಮಾನು ತರುವ ದಿನ ಮತ್ತು ಹೊತ್ತು, ಪಾರ್ಕಿಂಗ್, ಸಾಕುಪ್ರಾಣಿ, ಅತಿಥಿಗಳ ವಿಷಯ ಸೊಸೈಟಿಯವರನ್ನೇ ಕೇಳಿ. ಮನೆ ಬಾಡಿಗೆಗೆ ಕೊಟ್ಟದ್ದಕ್ಕೆ ಸೊಸೈಟಿ ವಿಧಿಸುವ ಶುಲ್ಕ ಸೇವಾ ಶುಲ್ಕದ ಶೇ 10ನ್ನು ಮೀರುವಂತಿಲ್ಲ ಎಂದು ಸರ್ಕಾರ 2001ರಲ್ಲೇ ಹೇಳಿದೆ. ಅದು ಮಾಲೀಕರ ಹೊಣೆ, ನಿಮ್ಮ ತಲೆಗೆ ಬರದಂತೆ ಕರಾರಿನಲ್ಲಿ ಬರೆಸಿ.

ಮಾಂಸಾಹಾರ, ಅವಿವಾಹಿತರು ಎಂಬ ಪ್ರಶ್ನೆಗಳು ಅಲ್ಲೂ ಎದುರಾಗುತ್ತವೆ. ಮುಚ್ಚಿಟ್ಟು ಮನೆ ಹಿಡಿಯಬೇಡಿ. ನಿಮ್ಮ ಊಟ, ನಿಮ್ಮ ಬದುಕು ಇದ್ದಂತೆಯೇ ಒಪ್ಪುವ ಮನೆ ಸಿಕ್ಕೇ ಸಿಗುತ್ತದೆ. ಇನ್ನು ಫ್ಲ್ಯಾಟಿನ ಒಳಗಿನ ಮಾತು: ಅಡುಗೆಮನೆಗೆ ಅಂಟಿಕೊಂಡ ‘ಡ್ರೈ ಬಾಲ್ಕನಿ’ ಪುಣೆಯ ಫ್ಲ್ಯಾಟುಗಳ ಅನುಕೂಲ. ವಾಷಿಂಗ್ ಮೆಷಿನ್, ಪಾತ್ರೆ ತೊಳೆಯುವ ಜಾಗ ಅಲ್ಲೇ. ಅಳತೆ ಪಟ್ಟಿ ಒಯ್ದು ನಿಮ್ಮ ಮೆಷಿನ್, ಫ್ರಿಜ್, ಮಂಚ ಹಿಡಿಸುತ್ತವೆಯೇ ನೋಡಿಕೊಳ್ಳಿ.

9. ಶಾಲೆ ಗೊತ್ತುಮಾಡಿ ಮನೆ ಹಿಡಿಯಿರಿ

ಮಹಾರಾಷ್ಟ್ರದ ರಾಜ್ಯ ಮಂಡಳಿಯ ಶಾಲೆಗಳು ಜೂನ್ ಮಧ್ಯದ ಹೊತ್ತಿಗೆ ಶುರುವಾಗುತ್ತವೆ. 2020ರ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. ನಿಮ್ಮ ಮಗು ಐದನೆಯದೋ ಎಂಟನೆಯದೋ ತರಗತಿಗೆ ಸೇರುವುದಾದರೆ ಮರಾಠಿಯನ್ನು ಎಲ್ಲಿಂದ ಶುರು ಮಾಡಿಸುತ್ತಾರೆ ಎಂದು ಶಾಲೆಯಲ್ಲೇ ಕೇಳಿ. ಶಾಲೆ ನಿಶ್ಚಯವಾದ ಮೇಲೆ ಅದರ ಬಸ್ಸು ಬರುವ ದಾರಿಯಲ್ಲಿ ಮನೆ ನೋಡಿ.

10. ಮರಾಠಿಯಲ್ಲಿ ನಾಲ್ಕು ಮಾತು, ಕನ್ನಡದಲ್ಲಿ ನಾಲ್ಕು ಮನೆ

ಹಿಂದಿಯಲ್ಲಿ ಕೆಲಸ ನಡೆಯುತ್ತದೆ, ಮರಾಠಿಯಲ್ಲಿ ಮಾತಾಡಿದರೆ ಸಲಿಗೆ ಬೆಳೆಯುತ್ತದೆ. ಹಿರಿಯ ಮಾಲೀಕರನ್ನು ಕಾಕಾ, ಕಾಕೂ ಎಂದು ಕರೆಯಿರಿ. ಕೋಥರೂಡ, ಸದಾಶಿವ ಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ‘ಭಾಡ್ಯಾನೇ ದೇಣೇ ಆಹೇ’ (ಬಾಡಿಗೆಗೆ ಕೊಡುವುದಿದೆ) ಎಂಬ ಬೋರ್ಡು ನೋಡಿ ನೇರವಾಗಿ ಮನೆಯವರ ಜೊತೆ ಮಾತಾಡಬಹುದು. ಏಜೆಂಟರ ಹಣ ಉಳಿಯುತ್ತದೆ. ಮಧ್ಯಾಹ್ನ 1ರಿಂದ 4 ಅಲ್ಲಿ ವಿಶ್ರಾಂತಿಯ ಹೊತ್ತು, ಆಗ ಬಾಗಿಲು ತಟ್ಟಬೇಡಿ.

ನಮ್ಮವರ ಸಹಾಯವನ್ನೂ ಸಂಕೋಚವಿಲ್ಲದೆ ಕೇಳಿ. ಪುಣೆಯಲ್ಲಿ ಉತ್ತರ ಕರ್ನಾಟಕದ ಕುಟುಂಬಗಳು ತಲೆಮಾರುಗಳಿಂದ ಇವೆ, ಕನ್ನಡ ಸಂಘವಿದೆ, ಸಂಘ ನಡೆಸುವ ಶಾಲೆಯೂ ಇದೆ. ಯಾವ ಬಡಾವಣೆಯಲ್ಲಿ ಬೇಸಿಗೆಗೆ ನೀರಿಲ್ಲ, ಯಾವ ರಸ್ತೆ ಸಂಜೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ, ಅಲ್ಲಿ ಬದುಕಿದವರು ಹೇಳುತ್ತಾರೆ.

11. ಮೊದಲ 11 ತಿಂಗಳು ಕೊಳ್ಳುವ ಮಾತು ಬೇಡ

ಪುಣೆಗೆ ಹೋದ ಮೊದಲ ತಿಂಗಳಲ್ಲೇ ‘ಬಾಡಿಗೆ ಕಟ್ಟುವ ಬದಲು ಇಎಂಐ ಕಟ್ಟಿ’ ಎನ್ನುವವರು ಸಿಗುತ್ತಾರೆ. ತಡೆಯಿರಿ. ಪುಣೆಯಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕ, ಸ್ಥಳೀಯ ಸಂಸ್ಥೆಯ ತೆರಿಗೆ, ಮೆಟ್ರೊ ಸೆಸ್ ಸೇರಿ ಶೇ 7 ಆಗುತ್ತದೆ. ಮಹಿಳೆಯ ಹೆಸರಿನಲ್ಲಾದರೆ ಶೇ 1 ಕಡಿಮೆ. ಕೆಲಸ ಬದಲಾದರೆ, ಬಡಾವಣೆ ಒಗ್ಗದಿದ್ದರೆ ಆ ಹಣ ಮರಳುವುದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಶಾಲಾವರ್ಷ ಬಾಡಿಗೆ ಮನೆಯಲ್ಲಿ ಕಳೆಯಿರಿ. ಆಮೇಲೂ ಕೊಳ್ಳಬೇಕೆನ್ನಿಸಿದರೆ ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ಜಾಲತಾಣದಲ್ಲಿ ಆ ಯೋಜನೆಯ ನೋಂದಣಿ, ಮುಗಿಸುವ ದಿನಾಂಕ, ಅದರ ಮೇಲಿನ ದಾವೆಗಳನ್ನು ನೋಡಿ ಮುಂದುವರಿಯಿರಿ.

ಹೊರಡುವ ಮೊದಲೇ ಒಂದು ಹಾಳೆ ತೆಗೆದುಕೊಂಡು ಆಫೀಸಿನ ವಿಳಾಸ, ಮಕ್ಕಳ ತರಗತಿ, ತಿಂಗಳ ಬಾಡಿಗೆಯ ಮಿತಿ, ಬಿಟ್ಟುಕೊಡಲಾಗದ ಮೂರು ಅನುಕೂಲಗಳು ಇಷ್ಟನ್ನು ಬರೆದು ಜೇಬಿನಲ್ಲಿಡಿ. ಎಷ್ಟೇ ಚೆಂದದ ಮನೆ ತೋರಿಸಿದರೂ ಆ ಹಾಳೆಗೆ ಒಪ್ಪದಿದ್ದರೆ ಮುಂದಿನ ಮನೆಗೆ ನಡೆಯಿರಿ.